ಇನ್ವರ್ಸ್ ಮಾಡಿದ್ರ ಆರ್ಡರ್ ಯಾಕ ಉಲ್ಟಾ ಆಗ್ತದ? ತಮ್ಮನ ಜ್ವರ 26 ಬಂತು!

ಆಳಂದ_ಹುಡುಗಿ
ಎಲ್ಲರಿಗೂ ನಮಸ್ಕಾರ್ರಿ. ನಾ ಕಲಬುರಗಿಯಾಗ ಸೆಕೆಂಡ್ ಪಿಯುಸಿ ಸೈನ್ಸ್ ಓದ್ಲಕತ್ತೀನಿ. ಹತ್ತನೇ ತನಕ ಕನ್ನಡ ಮೀಡಿಯಂ. ಗಣಿತದಾಗ ಮೊದಲನೇ ಪಾಠಕ್ಕೇ ಸಿಕ್ಕೊಂಡು ಕುಂತೀನಿ.

ಫಂಕ್ಷನ್ ಅಂದ್ರ ತಿಳೀತದ, ಒಂದು ಅಂಕಿ ಹಾಕಿದ್ರ ಒಂದು ಅಂಕಿ ಬರ್ತದ. ಎರಡು ಫಂಕ್ಷನ್ ಜೋಡ್ಸೋದೂ (ಜಿ∘ಎಫ್, ಅಂದ್ರ ಮೊದಲು ಎಫ್ ಮಾಡಿ ಬಂದದ್ದಕ್ಕ ಜಿ ಮಾಡೋದು) ಜರಾ ಜರಾ ತಿಳದದ. ಆದ್ರ ಟೆಸ್ಟಿನಾಗ (ಜಿ∘ಎಫ್)⁻¹, ಅಂದ್ರ ಅದರ ಇನ್ವರ್ಸ್ (ಬಂದ ಅಂಕಿಯಿಂದ ಹೊಳ್ಳಿ ಹಾಕಿದ ಅಂಕಿಗಿ ಒಯ್ಯೋ ಫಂಕ್ಷನ್) ಏನು ಅಂತ ಕೇಳಿದ್ರು. ನಾ ಜಿ⁻¹∘ಎಫ್⁻¹ ಅಂತ ಬರದೆ. ಮೂರು ಮಾರ್ಕ್ಸಿಗಿ ಸೊನ್ನಿ. ಎಫ್⁻¹∘ಜಿ⁻¹ ಆಗ್ಬೇಕಂತ. ಯಾಕ ಸರ್ ಅಂತ ಕೇಳಿದ್ರ "ಫಾರ್ಮುಲಾ ಅದ, ಬರ್ಕೋ" ಅಂದು ಮುಂದಿನ ಲೆಕ್ಕಕ್ಕ ಹೋದ್ರು.

ಬರ್ಕೊಂಡೆ. ಆದ್ರ ಮೊನ್ನಿ ಊರಿಗಿ ಹೋದಾಗ ತಮ್ಮಗ ಜ್ವರ ಬಂದಿತ್ತು. ಥರ್ಮಾಮೀಟರ್ 104 ತೋರಿಸ್ತು, ಫ್ಯಾರನ್‌ಹೀಟ್. ಮೊಬೈಲಿನಾಗ ಡಾಕ್ಟರಿಗಿ ಕಳ್ಸೋ ಫಾರ್ಮಿನಾಗ ಸೆಲ್ಸಿಯಸ್ ಕೇಳಿತ್ತು. ನನಗ ನೆನಪಿದ್ದದ್ದು ಒಂದೇ: ಸೆಲ್ಸಿಯಸ್‌ಗೆ 9/5 ಗುಣಿಸಿ 32 ಕೂಡಿಸಿದ್ರ ಫ್ಯಾರನ್‌ಹೀಟ್. ತಿರುವಿದ್ರಾತು ಅಂತ 104ಕ್ಕ 5/9 ಗುಣಿಸಿ 32 ಕಳದೆ. 25.78 ಬಂತು. "ಅವ್ವಾ, 26 ಡಿಗ್ರಿ ಅದ" ಅಂದೆ. ನಮ್ಮವ್ವ ಅವನ ಹಣಿಗಿ ಕೈ ಹಚ್ಚಿ ನೋಡಿ "ಮೈ ಕೆಂಡ ಆಗ್ಯದ, ನಿನ್ನ ಲೆಕ್ಕ ಒಲ್ಯಾಗ ಹಾಕು" ಅಂದ್ಳು.

ಗುಣಾಕಾರಕ್ಕ ಭಾಗಾಕಾರ ಮಾಡೀನಿ, ಕೂಡಿಸಿದ್ದಕ್ಕ ಕಳದೀನಿ. ಮತ್ತ ತಪ್ಪೆಲ್ಲದ? ಇದಕ್ಕೂ ಟೆಸ್ಟಿನಾಗ ಆದದ್ದಕ್ಕೂ ಸಂಬಂಧ ಅದ ಅಂತ ಅನಸ್ತದ, ಆದ್ರ ಕೈಗಿ ಸಿಗವಲ್ದು.

ಅಂಗಡಿ_ಕಾಕಾ
ಮೊದಲು ತಮ್ಮ ಹ್ಯಾಂಗದಾನ ಅದು ಹೇಳವ್ವಾ. ಲೆಕ್ಕ ಆಮ್ಯಾಲ ನೋಡಮು.

ಆಳಂದ_ಹುಡುಗಿ
ಅರಾಮದಾನ್ರಿ ಕಾಕಾ. ನಿನ್ನಿ ಕ್ರಿಕೆಟ್ ಆಡ್ಲಿಕ್ಕಿ ಹೋಗ್ಯಾನ.

ಕೋರಮಂಗಲ_ಕೋಡರ್
ಸಿಂಪಲ್ಲಾಗಿ ಹೇಳ್ತೀನಿ ನೋಡಿ. ಬೆಳಗ್ಗೆ ಮೊದಲು ಸಾಕ್ಸ್ ಹಾಕ್ಕೋತೀರ, ಆಮೇಲೆ ಶೂ. ಸಂಜೆ ಬಿಚ್ಚುವಾಗ ಮೊದಲು ಶೂ, ಆಮೇಲೆ ಸಾಕ್ಸ್. ಅಷ್ಟೇ. ಕೊನೆಗೆ ಮಾಡಿದ್ದನ್ನ ಮೊದಲು ಬಿಚ್ಚಬೇಕು. ನೀವು ಕೊನೆಗೆ 32 ಕೂಡಿಸಿದ್ರಿ, ಹಾಗಾಗಿ ಮೊದಲು 32 ಕಳೀಬೇಕಿತ್ತು.

ಶಹಾಪುರ_ಅಕ್ಕ
ಇಂಟರ್ನೆಟ್ ತುಂಬ ಇದೇ ಸಾಕ್ಸು, ಇದೇ ಶೂ. ನಮ್ಮ ಕಡಿ ಬ್ಯಾಸಗ್ಯಾಗ ಸಾಕ್ಸ್ ಹಾಕ್ಕೊಂಡು ಯಾರು ಅಡ್ಡಾಡ್ತಾರಪಾ? ಹವಾಯಿ ಚಪ್ಪಲ್ಲಿಗಿ ಇನ್ವರ್ಸ್ ಏನು? ಬಿಟ್ಟರಾತು.

ಕೋರಮಂಗಲ_ಕೋಡರ್
ಚಪ್ಪಲಿ ಒಂದೇ ಫಂಕ್ಷನ್ ಅಕ್ಕ, ಅದಕ್ಕೆ ಕಾಂಪೊಸಿಷನ್ (ಫಂಕ್ಷನ್ ಜೋಡಿಸೋದು) ಇಲ್ಲ 😄

ಬೀದರ್_ಬಸ್
ಸಾಕ್ಸ್ ಉದಾಹರಣಿ ತಪ್ಪಿಲ್ಲ, ಆದ್ರ ಅದು "ಹಿಂಗಾಗ್ತದ" ಅಂತ ತೋರಸ್ತದ, "ಹಿಂಗೇ ಆಗಬೇಕು" ಅಂತ ತೋರಸಲ್ಲ. ನಾ ವಾರಕ್ಕೊಮ್ಮೆ ಬೀದರಿಂದ ಕಲಬುರಗಿಗಿ ಬರ್ತೀನಿ. ಸೀದಾ ಬಸ್ ಸಿಗಲಿಲ್ಲಂದ್ರ ಹುಮನಾಬಾದಿನಾಗ ಇಳದು ಇನ್ನೊಂದು ಹತ್ತಬೇಕು.

ಎಫ್ ಅಂದ್ರ ಬೀದರಿಂದ ಹುಮನಾಬಾದ್ ಬಸ್ಸು. ಜಿ ಅಂದ್ರ ಹುಮನಾಬಾದಿಂದ ಕಲಬುರಗಿ ಬಸ್ಸು. ಜಿ∘ಎಫ್ ಅಂದ್ರ ಪೂರಾ ಪ್ರಯಾಣ.

ಈಗ ಹೊಳ್ಳಿ ಹೋಗಬೇಕು. ನಾ ನಿಂತದ್ದು ಕಲಬುರಗಿ ಸ್ಟ್ಯಾಂಡಿನಾಗ. ಎಫ್⁻¹ ಬಸ್ಸು ಎಲ್ಲಿಂದ ಬಿಡ್ತದ? ಹುಮನಾಬಾದಿಂದ. ಅದು ಇಲ್ಲಿಗಿ ಬರೋದೇ ಇಲ್ಲ! ಹತ್ತಬೇಕಂದ್ರ ಮೊದಲು ಜಿ⁻¹ ಹತ್ತಲೇಬೇಕು, ಅದು ನನ್ನ ಹುಮನಾಬಾದಿಗಿ ಬಿಡ್ತದ, ಅಲ್ಲಿ ಎಫ್⁻¹ ನಿಂತಿರ್ತದ. ಅಂದ್ರ ಮೊದಲು ಜಿ⁻¹, ಆಮ್ಯಾಲ ಎಫ್⁻¹. ಬರೆಯೋ ರೀತಿಯಾಗ ಮೊದಲು ಮಾಡಿದ್ದು ಬಲಗಡಿ ಬರ್ತದ, ಅದಕ್ಕ ಎಫ್⁻¹∘ಜಿ⁻¹. ತಂಗಿ ಟೆಸ್ಟಿನಾಗ ಬರದದ್ದು ಕಲಬುರಗಿ ಸ್ಟ್ಯಾಂಡಿನಾಗ ನಿಂತು ಹುಮನಾಬಾದ್–ಬೀದರ್ ಬಸ್ಸಿಗಿ ಕೈ ಮಾಡಿದಂಗ.

ಡೊಮೇನ್ (ಫಂಕ್ಷನ್ನಿಗಿ ಏನೇನು ಹಾಕಬಹುದು ಅನ್ನೋದು) ಬರ್ಕೊಂಡ್ರ ಈ ತಪ್ಪು ಆಗಂಗೇ ಇಲ್ಲ. ಯಾವ ಫಂಕ್ಷನ್ ಎಲ್ಲಿಂದ ಎಲ್ಲಿಗಿ ಅಂತ ಮಾರ್ಜಿನ್‌ನಾಗ ಬರದುಬಿಡು.

ಅಂಗಡಿ_ಕಾಕಾ
ಈಗ ಟ್ರೇನ್ ಅದಲ್ಲೋ, 2017ರಿಂದ. ಬಸ್ಸಿನಾಗ ಯಾಕ ಬರ್ತಿ?

ಬೀದರ್_ಬಸ್
ಟ್ರೇನಿನ ಟೈಮಿಗಿ ನಾ ಹೊಂದಬೇಕು, ಬಸ್ ನನ್ನ ಟೈಮಿಗಿ ಹೊಂದ್ತದ ಕಾಕಾ. ಮಾತು ಬದಲಸಬ್ಯಾಡ್ರಿ.

ಆಳಂದ_ಹುಡುಗಿ
ಅಣ್ಣಾ, ಬಸ್ಸಿನ ಮಾತು ಪಕ್ಕಾ ತಿಳೀತು. ಆದ್ರ ನಿಮ್ಮ ಕಡೀ ಮಾತಿನಾಗೇ ನನ್ನ ಜಗಳ ಅದ. ಜಿ∘ಎಫ್ ಅಂತ ಬರದ್ರ ಜಿ ಮೊದಲು ಕಾಣಸ್ತದ. ಮಾಡೋದು ಎಫ್ ಮೊದಲು. ಯಾಕ ಹಿಂಗ? ಮೊದಲು ಮಾಡೋದು ಮೊದಲೇ ಬರೀಬಾರದಾ?

ದರ್ಗಾ_ರಸ್ತೆ
ಅರೇ, ಇದು ನಮಗ ಸಲೀಸು. ನಾ ಏಳನೇ ತನಕ ಉರ್ದು ಮೀಡಿಯಂ. ಬಲಗಡಿಂದ ಓದು, ಮುಗೀತು. ಜಿ∘ಎಫ್ ನೋಡಿದ್ರ ನನ್ನ ಕಣ್ಣಿಗಿ ಮೊದಲು ಎಫ್ ಬೀಳ್ತದ. ಕಾಲೇಜಿನಾಗ ಈ ಪಾಠದಾಗ ಮಾತ್ರ ನಾ ಕನ್ನಡ ಮೀಡಿಯಂ ಹುಡುಗರಿಗಿ ಟ್ಯೂಷನ್ ಹೇಳೀನಿ, ಉಳದದ್ದೆಲ್ಲ ಅವರು ನನಗ ಹೇಳ್ಯಾರ.

ಶಹಾಪುರ_ಅಕ್ಕ
ಖರೇ ಅಂದ್ರ ಉರ್ದುದಾಗೂ ಅಂಕಿ ಎಡದಿಂದ ಬಲಕ್ಕೇ ಬರೀತಾರಲ್ಲ? 1947 ಅಂದ್ರ 1947ನೇ.

ದರ್ಗಾ_ರಸ್ತೆ
ಹ್ಞೂ ಅಕ್ಕಾ, ಅಕ್ಷರ ಬಲದಿಂದ, ಅಂಕಿ ಎಡದಿಂದ. ಒಂದೇ ಸಾಲಿನಾಗ ಎರಡೂ ಕಡಿ ಹೋಗೋ ರೂಢಿ ಇರೋದಕ್ಕೇ ನಮಗ ಕಾಂಪೊಸಿಷನ್ ಹೆದ್ರಿಕಿ ಇಲ್ಲ.

ನಿವೃತ್ತ_ಮಾಸ್ತರ
ತಂಗಿ ಕೇಳಿದ ಪ್ರಶ್ನಿ ಸಣ್ಣದಲ್ಲ. ಮೂವತ್ತು ವರ್ಷ ಪಾಠ ಮಾಡೀನಿ, ಅದರಾಗ ಹತ್ತು ವರ್ಷ ಈ ತೊಡಕು ಹುಡುಗರ ದಡ್ಡತನ ಅಂತ ತಿಳದಿದ್ದೆ. ಅದು ದಡ್ಡತನ ಅಲ್ಲ, ಕನ್ನಡ.

ನೋಡವ್ವಾ, "ನನ್ನ ಅಪ್ಪನ ಅವ್ವ" ಅನ್ನು. ನಿನ್ನಿಂದ ಶುರು, ಅಪ್ಪನ ಕಡಿ ಹೋದಿ, ಅಲ್ಲಿಂದ ಅವ್ವನ ಕಡಿ ಹೋದಿ. ಬಾಯಿ ಹೋದ ದಾರೀನೂ ಕಾಲು ಹೋದ ದಾರೀನೂ ಒಂದೇ. ಇಂಗ್ಲಿಷಿನಾಗ "ಮದರ್ ಆಫ್ ಫಾದರ್ ಆಫ್ ಮಿ" ಅಂದ್ರ ಬಾಯಿ ಹಿಂದಿನಿಂದ ಮುಂದಕ್ಕ ಬರ್ತದ. ಎಫ್ ಆಫ್ ಎಕ್ಸ್ ಅನ್ನೋದೂ ಅದೇ ಅಚ್ಚಿನಾಗ ಹೊಯ್ದದ್ದು. ಎಕ್ಸ್ ಒಳಗ, ಅದರ ಎಡಕ್ಕ ಎಫ್, ಅದರ ಎಡಕ್ಕ ಜಿ. ಕನ್ನಡದಾಗ ಓದೋದಾದ್ರ ಜಿ(ಎಫ್(ಎಕ್ಸ್)) ಅನ್ನೋದನ್ನ "ಎಕ್ಸ್‌ನ ಎಫ್‌ನ ಜಿ" ಅಂತ ಓದು. ನನ್ನ, ಅಪ್ಪನ, ಅವ್ವ. ನಾ ಕಡೀ ವರ್ಷಗಳಾಗ ಹಿಂಗೇ ಹೇಳಸ್ತಿದ್ದೆ. ಬೋರ್ಡಿನ ಮ್ಯಾಲ ಇಂಗ್ಲಿಷ್ ಬರಿ, ಬಾಯಾಗ ಕನ್ನಡ ಹೇಳು. ಜಿ ಮೊದಲೋ ಎಫ್ ಮೊದಲೋ ಅನ್ನೋ ಗದ್ದಲ ಅಲ್ಲಿಗಿ ನಿಂತಿತು.

ಮತ್ತ ಇದೇ ಬಳಗದ ಸಂಬಂಧದಾಗ ಪೂರಾ ಪಾಠ ಅದ. ಅಪ್ಪನ ಅವ್ವ ನಿನಗ ಆಯಿ. ಅವ್ವನ ಅಪ್ಪ ಮುತ್ತ್ಯಾ. ಎರಡೂ ಫಂಕ್ಷನ್ ಅವೇ, ಜೋಡ್ಸಿದ ಕ್ರಮ ಬ್ಯಾರೆ, ಬಂದ ಮನುಷ್ಯ ಬ್ಯಾರೆ. ಹಂಗೇ ಎಫ್(ಎಕ್ಸ್) = 2ಎಕ್ಸ್ + 3, ಜಿ(ಎಕ್ಸ್) = ಎಕ್ಸ್² ತಗೋ. 1 ಹಾಕು. ಎಫ್ ಮೊದಲು ಮಾಡಿ ಜಿ ಮಾಡಿದ್ರ 5ರ ವರ್ಗ 25. ಜಿ ಮೊದಲು ಮಾಡಿದ್ರ 1ರ ವರ್ಗ 1, ಅದಕ್ಕ ಎಫ್, 5. ಇಪ್ಪತ್ತೈದು ಎಲ್ಲಿ, ಐದು ಎಲ್ಲಿ.

ಇನ್ನ ಹೊಳ್ಳಿ ಬರೋದು. ಆಯಿಯಿಂದ ನಿನ್ನ ತನಕ ಬರಬೇಕಂದ್ರ ಮೊದಲು "ಆಯಿಯ ಮಗ", ಆಮ್ಯಾಲ "ಮಗನ ಮಗಳು". ಕಡೀಗಿ ಏರಿದ ಮೆಟ್ಟಲ ಮೊದಲು ಇಳೀತಿ. ಆದ್ರ ಇಲ್ಲೊಂದು ಕುತ್ತದ. ನಮ್ಮ ಆಯಿಗಿ ಏಳು ಮಕ್ಕಳು. "ಆಯಿಯ ಮಗ" ಅಂದ್ರ ಯಾರು? ನಮ್ಮಪ್ಪನಾ, ಕಾಕಾನಾ? ಏಳು ಮಂದಿಗೂ ಅವ್ವ ಒಬ್ಬಳೇ, ಅದಕ್ಕ ಹೋಗೋ ದಾರಿ ಫಂಕ್ಷನ್. ಬರೋ ದಾರಿ ಏಳಾಗಿ ಒಡೀತದ, ಅದಕ್ಕ ಅದು ಫಂಕ್ಷನ್ ಅಲ್ಲ. ಒನ್-ಒನ್ ಇರಬೇಕು ಅಂತ ಪುಸ್ತಕದಾಗ ಬರದದ್ದು ಇಷ್ಟೇ. ಎರಡು ಮಂದಿ ಒಂದೇ ಮನಿಗಿ ಹೋಗಿ ಸೇರಿದ್ರ, ಆ ಮನಿ ನೋಡಿ ಯಾರು ಬಂದಿದ್ರು ಅಂತ ಹೇಳ್ಲಿಕ್ಕಿ ಬರಂಗಿಲ್ಲ.

ಆಳಂದ_ಹುಡುಗಿ
ಸರ್... "ಎಕ್ಸ್‌ನ ಎಫ್‌ನ ಜಿ". ಮೂರು ಸರ್ತಿ ಬಾಯಿಬಿಟ್ಟು ಅಂದೆ. ರೂಮ್‌ಮೇಟ್ ನಗ್ಲಕತ್ತಾಳ, ಆದ್ರ ತಿಳೀತು. ಖರೇನೇ ತಿಳೀತು.

ಶಹಾಪುರ_ಅಕ್ಕ
ಮಾಸ್ತರ, ನಿಮ್ಮ ಸಂಬಂಧದ ಲೆಕ್ಕ ನಮ್ಮ ಮನ್ಯಾಗ ನಡ್ಯಲ್ಲ. ನಮ್ಮಕ್ಕನ್ನ ಸೋದರಮಾವಗೇ ಕೊಟ್ಟಾರ. "ಅವ್ವನ ತಮ್ಮ" ಅಂದ್ರೂ ಅವನೇ, "ಅಕ್ಕನ ಗಂಡ" ಅಂದ್ರೂ ಅವನೇ.

ನಿವೃತ್ತ_ಮಾಸ್ತರ
ನಡೀತದವ್ವಾ. ಎರಡು ಬ್ಯಾರೆ ದಾರಿ ಒಂದೇ ಉತ್ತರಕ್ಕ ಬರಬಾರದು ಅಂತ ಎಲ್ಲಿ ಬರದಾರ? 2 ಹಾಕಿದಾಗ ಎಕ್ಸ್² ಅಂದ್ರೂ 4, ಎಕ್ಸ್ + 2 ಅಂದ್ರೂ 4. ನಿನ್ನ ಸಲುವಾಗಿ ಕೂಡ್ಯಾವ, ಎಲ್ಲರ ಸಲುವಾಗಿ ಅಲ್ಲ.

ಬ್ಯಾಕ್‌ಲಾಗ್_ಬಸ್ಯಾ
ಒಂದು ಸಣ್ಣ ಟ್ರಿಕ್ ಹೇಳ್ತೀನಿ, ಪರೀಕ್ಷಿಗಿ ಇಷ್ಟು ಸಾಕು. ವೈ = 2ಎಕ್ಸ್ + 3 ಅಂತ ಬರಿ. ಎಕ್ಸ್ ಇದ್ದಲ್ಲಿ ವೈ, ವೈ ಇದ್ದಲ್ಲಿ ಎಕ್ಸ್ ಹಾಕು. ವೈ ಬಿಡ್ಸು. ವೈ = (ಎಕ್ಸ್ − 3)/2. ಮುಗೀತು, ಇನ್ವರ್ಸ್. ಆಯಿ ಮುತ್ತ್ಯಾ ಏನೂ ಬ್ಯಾಡ.

ಬೀದರ್_ಬಸ್
ಈ ಟ್ರಿಕ್ಕಿಗೇ ನನ್ನ ವಿರೋಧ. ಫ್ಯಾರನ್‌ಹೀಟ್ ಲೆಕ್ಕಕ್ಕ ಹಚ್ಚಿ ನೋಡು. ಎಫ್ = (9/5)ಸಿ + 32 (ಇಲ್ಲಿ ಎಫ್ ಅಂದ್ರ ಫ್ಯಾರನ್‌ಹೀಟ್, ಸಿ ಅಂದ್ರ ಸೆಲ್ಸಿಯಸ್). ಎಫ್ ಸಿ ಅದಲು ಬದಲು ಮಾಡಿದಿ ಅಂದ್ರ ಸಿ = (9/5)ಎಫ್ + 32 ಆತು. ಇದು ಸುಳ್ಳು! ಸೆಲ್ಸಿಯಸ್ಸಿಗಿ ಫ್ಯಾರನ್‌ಹೀಟ್ ಅಂತ ಹೆಸರಿಟ್ಟಂಗ. ಅದಲು ಬದಲು ಮಾಡದೇ ಸೀದಾ ಬಿಡ್ಸು: ಎಫ್‌ನಿಂದ 32 ಕಳಿ, 5/9 ಗುಣಿಸು. ಅಷ್ಟೇ ಇನ್ವರ್ಸ್. ಅಕ್ಷರ ಬದಲಸೋದು ಎರಡೂ ಗ್ರಾಫ್ ಒಂದೇ ಕಾಗದದ ಮ್ಯಾಲ ಬೇಕಾದಾಗ ಮಾತ್ರ. ಆಗ ವೈ = ಎಕ್ಸ್ ಗೆರಿ ಮ್ಯಾಲ ಕಾಗದ ಮಡಚಿದ್ರ ಒಂದು ಇನ್ನೊಂದರ ಮ್ಯಾಲ ಕುಂದರ್ತದ.

ಬ್ಯಾಕ್‌ಲಾಗ್_ಬಸ್ಯಾ
ನೀವು ಹೇಳೋದು ಸರಿ ಅದ, ಆದ್ರ ಪೇಪರ್ ತಿದ್ದವರು ಸ್ಟೆಪ್ ನೋಡ್ತಾರ.

ಬೀದರ್_ಬಸ್
ನಿನ್ನ ಹೆಸರಿನಾಗೇ ಬ್ಯಾಕ್‌ಲಾಗ್ ಅದ, ಸ್ಟೆಪ್ ಎಷ್ಟು ಕಾಪಾಡ್ಯಾವ ಅಂತ ಗೊತ್ತಾಗ್ತದ ಬಿಡು.

ಬ್ಯಾಕ್‌ಲಾಗ್_ಬಸ್ಯಾ
😂 ಎರಡೇ ಉಳದಾವ ಅಣ್ಣಾ.

ಆಳಂದ_ಹುಡುಗಿ
ಇನ್ನೊಂದು ಗುಟ್ಟು ಹೇಳಿಬಿಡ್ತೀನಿ, ನಗಬ್ಯಾಡ್ರಿ. ಮೊದಲನೇ ಟೆಸ್ಟಿನಾಗ 2ಎಕ್ಸ್ + 3ರ ಇನ್ವರ್ಸ್ ಕೇಳಿದ್ದಕ್ಕ 1/(2ಎಕ್ಸ್ + 3) ಅಂತ ಬರದಿದ್ದೆ. ಮ್ಯಾಲ ಮೈನಸ್ ಒಂದು ಅದಲ್ಲ, ಅದಕ್ಕ.

ಬ್ಯಾಕ್‌ಲಾಗ್_ಬಸ್ಯಾ
ಇದರಾಗ ತಪ್ಪು ನಿಂದಲ್ಲ, ಚಿಹ್ನಿದು. 5⁻¹ ಅಂದ್ರ ಐದನೇ ಒಂದು. ಎಫ್⁻¹ ಅಂದ್ರ ಹೊಳ್ಳಿ ಬರೋ ಫಂಕ್ಷನ್. ಸೈನ್² ಎಕ್ಸ್ ಅಂದ್ರ ಸೈನ್ ಎಕ್ಸ್ ಗುಣಿಸು ಸೈನ್ ಎಕ್ಸ್. ಸೈನ್⁻¹ ಎಕ್ಸ್ ಅಂದ್ರ ಮಾತ್ರ 1/ಸೈನ್ ಅಲ್ಲ! ಅದೇ ಜಾಗಾದಾಗ 2 ಕುಂತ್ರ ಒಂದು ಅರ್ಥ, −1 ಕುಂತ್ರ ಬ್ಯಾರೆ ಅರ್ಥ. ಇದು ಯಾವ ನ್ಯಾಯ?

ನಿವೃತ್ತ_ಮಾಸ್ತರ
ಈ ಮೈನಸ್ ಒಂದು ಕೂಡ್ಸಿದವರು ಇಂಗ್ಲೆಂಡಿನ ಜಾನ್ ಹರ್ಶೆಲ್, 1813ರಾಗ. ಅವರ ಪ್ರಕಾರ ಎಫ್² ಅಂದ್ರ ಎಫ್ ಎರಡು ಸರ್ತಿ ಮಾಡೋದು, ಎಫ್⁻¹ ಅಂದ್ರ ಒಂದು ಸರ್ತಿ ಹಿಂದಕ್ಕ. ಆ ಲೆಕ್ಕಕ್ಕ ಸೈನ್² ಎಕ್ಸ್ ಅಂದ್ರ ಸೈನ್‌ನ ಸೈನ್ ಆಗಬೇಕಿತ್ತು. ಮಂದಿ ಅವರ ಮೈನಸ್ ಒಂದು ತಗೊಂಡ್ರು, ವರ್ಗದ ಮಾತು ಬಿಟ್ಟರು. ಅರ್ಧಾ ಮಾತು ಕೇಳಿದ್ರ ಹಿಂಗೇ ಆಗೋದು. ಬಸ್ಯಾ, ನಿನ್ನ ಸಿಟ್ಟು ಇನ್ನೂರು ವರ್ಷ ತಡ ಆಗ್ಯದ.

ಹುಡುಗಿಗಿ: ಗೊಂದಲ ಆದಾಗ ಒಂದು ಅಂಕಿ ಹಾಕು. 2 ಹಾಕಿದ್ರ ಎಫ್ 7 ಕೊಡ್ತದ. ಹಂಗಾದ್ರ ಇನ್ವರ್ಸಿಗಿ 7 ಹಾಕಿದ್ರ 2 ಬರಬೇಕು. (7 − 3)/2 = 2, ಬಂತು. ನಿನ್ನದರಾಗ 7 ಹಾಕಿದ್ರ 1/17. ಹತ್ತು ಸೆಕೆಂಡಿನ ಕೆಲಸ.

ಅಂಗಡಿ_ಕಾಕಾ
ಈಗ ನನ್ನ ತಪ್ಪೂ ಹೇಳ್ತೀನಿ, ಮನಸ್ಸು ಹಗುರಾಗ್ಲಿ. ಸೂಪರ್ ಮಾರ್ಕೆಟ್ ಕಡಿ ನಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. 2017ರಾಗ ಜಿಎಸ್‌ಟಿ ಹೊಸದು. ತೆರಗಿ ಕೂಡ್ಸಿ 1180 ರೂಪಾಯಿಗಿ ಮಾರಿದ ಸಾಮಾನು. ತೆರಗಿ ಬಿಟ್ಟು ಮೂಲ ಬೆಲಿ ಬರೀಬೇಕು. ಹದಿನೆಂಟು ಪರ್ಸೆಂಟ್ ಹಚ್ಚಿದ್ದು, ಹದಿನೆಂಟು ಪರ್ಸೆಂಟ್ ತಗದ್ರಾತು ಅಂತ 1180ರಾಗ 212.40 ಕಳದು 967.60 ಅಂತ ಎರಡು ತಿಂಗಳು ಬರದೆ. ಲೆಕ್ಕ ನೋಡೋ ಹುಡುಗ ಬಂದು ತಲಿ ಮ್ಯಾಲ ಕೈ ಇಟ್ಟ. "ಕಾಕಾ, 1000ಕ್ಕ ಹಚ್ಚಿದ 18 ಬ್ಯಾರೆ, 1180ಕ್ಕ ತಗಿಯೋ 18 ಬ್ಯಾರೆ. 1.18ರಿಂದ ಗುಣಿಸೀರಿ, 1.18ರಿಂದ ಭಾಗಸ್ರಿ" ಅಂದ. ಎರಡು ತಿಂಗಳಿನ ಬಿಲ್ಲು ಹೊಳ್ಳಿ ಬರದೀನಿ, ನನ್ನ ಮಗನ ಕೈಲೆ.

ಅಂದ್ರ ಕೂಡ್ಸಿದ್ದಕ್ಕ ಕಳಿಯೋದೇ ಯಾವಾಗಲೂ ಇನ್ವರ್ಸ್ ಅಲ್ಲ. ಮತ್ತ ಆರ್ಡರ್ ಬದಲಾದ್ರ ರೊಕ್ಕ ಬದಲಾಗ್ತದ, ಯಾವಾಗಲೂ.

ಕೋರಮಂಗಲ_ಕೋಡರ್
"ಯಾವಾಗಲೂ" ಅನ್ನೋದು ತಪ್ಪು ಕಾಕಾ. 1000 ರೂಪಾಯಿಗೆ 10% ಡಿಸ್ಕೌಂಟ್ ಕೊಟ್ಟು 18% ಹಾಕಿ, 1062. ಮೊದಲು 18% ಹಾಕಿ ಆಮೇಲೆ 10% ಡಿಸ್ಕೌಂಟ್ ಕೊಡಿ, ಅದೂ 1062. ಎರಡೂ ಬರೀ ಗುಣಾಕಾರ.

ಅಂಗಡಿ_ಕಾಕಾ
ಪರ್ಸೆಂಟ್ ಬಿಡು. ಗಿರಾಕಿ "ನೂರು ರೂಪಾಯಿ ಬಿಡ್ರಿ" ಅಂತಾನ, ನಮ್ಮಲ್ಲಿ ಹಂಗೇ ಕೇಳೋದು. ಮೊದಲು ನೂರು ಬಿಟ್ಟು ತೆರಗಿ ಹಚ್ಚಿದ್ರ 900ಕ್ಕ 1062. ತೆರಗಿ ಹಚ್ಚಿ ನೂರು ಬಿಟ್ಟರ 1080. ಹದಿನೆಂಟು ರೂಪಾಯಿ ಫರಕ್. ಹೇಳು ಈಗ.

ಕೋರಮಂಗಲ_ಕೋಡರ್
ಅದು ಸರಿ. ಕೂಡಿಸೋದು ಗುಣಿಸೋದು ಬೆರೆತಾಗ ಕ್ರಮ ಮುಖ್ಯ. ಫ್ಯಾರನ್‌ಹೀಟ್‌ನಲ್ಲಿ ಆಗಿದ್ದೂ ಅದೇ. ಒಪ್ಪಿದೆ.

ದರ್ಗಾ_ರಸ್ತೆ
ಎಲ್ಲಾದಕ್ಕೂ ಇನ್ವರ್ಸ್ ಇರ್ತದ ಅಂತ ತಿಳ್ಕೊಬ್ಯಾಡ್ರಿ. ಜ್ವಾಳ ಬೀಸಿ ಹಿಟ್ಟು, ಹಿಟ್ಟು ತಟ್ಟಿ ರೊಟ್ಟಿ. ರೊಟ್ಟಿಯಿಂದ ಜ್ವಾಳ ಮಾಡಿ ತೋರಸ್ರಿ.

ಶಹಾಪುರ_ಅಕ್ಕ
ಉಳದ ರೊಟ್ಟಿ ಒಣಗ್ಸಿ ಪುಡಿ ಮಾಡಿದ್ರ ಹಿಟ್ಟಿನ ತನಕ ಬರಬಹುದು 😀

ನಿವೃತ್ತ_ಮಾಸ್ತರ
ರೊಟ್ಟಿ ಹೊಳ್ಳಿ ಜ್ವಾಳ ಆಗಲ್ಲ ಅನ್ನೋದು ರಸಾಯನ ಶಾಸ್ತ್ರದ ಮಾತು. ಗಣಿತದಾಗ ಹೊಳ್ಳಿ ಬರೋದು ಅಂದ್ರ ಗುರುತು ಹಚ್ಚೋದು. ರೊಟ್ಟಿ ನೋಡಿ ಯಾವ ಹೊಲದ ಜ್ವಾಳ ಅಂತ ಖಚಿತ ಹೇಳ್ಲಿಕ್ಕಿ ಬಂತಂದ್ರ ಇನ್ವರ್ಸ್ ಅದ. ಎರಡು ಹೊಲದ್ದು ಕಲಿಸಿ ಬೀಸಿದ್ರ ಇಲ್ಲ.

ಸೈನ್ ಹಂತಾದ್ದೇ. ಸೈನ್ 60 ಡಿಗ್ರಿ, ಸೈನ್ 120 ಡಿಗ್ರಿ ಎರಡೂ ಒಂದೇ. ಕ್ಯಾಲ್ಕುಲೇಟರಿನಾಗ ಸೈನ್ 120 ಒತ್ತಿ, ಬಂದದ್ದಕ್ಕ ಸೈನ್ ಇನ್ವರ್ಸ್ ಒತ್ತು. 60 ತೋರಸ್ತದ. ಒಬ್ಬ ಹುಡುಗ "ಸರ್, ಮಷಿನ್ ಕೆಟ್ಟದ" ಅಂತ ತಂದು ಕೊಟ್ಟಿದ್ದ. ಕೆಟ್ಟಿಲ್ಲ. −90ರಿಂದ 90 ಡಿಗ್ರಿ ಒಳಗಿನ ಕೋನ ಮಾತ್ರ ಕೊಡ್ತೀನಿ ಅಂತ ಒಪ್ಪಂದ ಆಗ್ಯದ, ಯಾಕಂದ್ರ ಅಷ್ಟರೊಳಗ ಸೈನ್ ಒನ್-ಒನ್. ಏಳು ಮಕ್ಕಳಾಗ ಹಿರಿಯವನ್ನ ಮಾತ್ರ ಲೆಕ್ಕಕ್ಕ ಹಿಡದಂಗ.

ಸೇಡಂ_ಕಲ್ಲು
ಇಷ್ಟೊತ್ತು ಓದಿದೆ. ಹರ್ಶೆಲ್ ಅಂತ ಇಂಗ್ಲೆಂಡಿಗಿ ಹೋದ್ರಿ, ನಮ್ಮ ಮಳಖೇಡ ಯಾರಿಗೂ ನೆನಪಾಗಲಿಲ್ಲ? ಸೇಡಂ ತಾಲ್ಲೂಕು, ಕಾಗಿಣಾ ದಂಡಿ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರದು, ಶುರುವಿಗೇ ನೃಪತುಂಗನ ಹೊಗಳ್ಯಾನ. ಒಂಬತ್ತನೇ ಶತಮಾನ! 1912ರಾಗ ಮದ್ರಾಸಿನಾಗ ಎಂ. ರಂಗಾಚಾರ್ಯರು ಇಂಗ್ಲಿಷಿಗಿ ತಂದು ಅಚ್ಚು ಹಾಕ್ಸ್ಯಾರ. ನಮ್ಮ ಹುಡುಗರಿಗಿ ಹೆಸರೂ ಗೊತ್ತಿಲ್ಲ.

ಬ್ಯಾಕ್‌ಲಾಗ್_ಬಸ್ಯಾ
ಅಣ್ಣಾ, ಮಳಖೇಡ ಅಂದ್ರ ಸಿಮೆಂಟ್ ಫ್ಯಾಕ್ಟರಿ ಅಂತ ಮಾತ್ರ ಗೊತ್ತಿತ್ತು. ಖರೇ ಹೇಳ್ಲಕತ್ತೀನಿ.

ನಿವೃತ್ತ_ಮಾಸ್ತರ
ಸೇಡಂನವರು ಸರಿಯಾದ ಟೈಮಿಗಿ ಬಂದ್ರು. ತಿರುವಿ ಮಾಡೋ ಲೆಕ್ಕ ನಮ್ಮಲ್ಲಿ ಹಳೇದು. ಆರ್ಯಭಟ 499ರಾಗೇ ಹೇಳ್ಯಾನ: ಹೊಳ್ಳಿ ಹೋಗುವಾಗ ಗುಣಾಕಾರ ಭಾಗಾಕಾರ ಆಗ್ತದ, ಭಾಗಾಕಾರ ಗುಣಾಕಾರ, ಕೂಡಿಸಿದ್ದು ಕಳೀತದ, ಕಳದದ್ದು ಕೂಡ್ತದ. ಕನ್ನಡದಾಗ ಇನ್ವರ್ಸಿಗಿ "ವಿಲೋಮ" ಅನ್ನೋದು ಆ ಸಂಪ್ರದಾಯದ ಮಾತೇ.

1150ರ 'ಲೀಲಾವತಿ'ಯಾಗ ಭಾಸ್ಕರಾಚಾರ್ಯ ಕೇಳಿದ ಲೆಕ್ಕ ಕೊಡ್ತೀನಿ, ಹುಡುಗಿ ಬಿಡಸ್ಲಿ. ಒಂದು ಸಂಖ್ಯೆ. 3ರಿಂದ ಗುಣಿಸು. ಬಂದದ್ದಕ್ಕ ಅದರದೇ ಮುಕ್ಕಾಲು ಕೂಡ್ಸು. 7ರಿಂದ ಭಾಗಿಸು. ಬಂದದ್ದರಾಗ ಅದರದೇ ಮೂರನೇ ಒಂದು ಪಾಲು ಕಳಿ. ವರ್ಗ ಮಾಡು. 52 ಕಳಿ. ವರ್ಗಮೂಲ ತಗಿ. 8 ಕೂಡ್ಸು. 10ರಿಂದ ಭಾಗಿಸು. 2 ಬಂತು. ಸಂಖ್ಯೆ ಯಾವುದು? ಒಂಬತ್ತು ಫಂಕ್ಷನ್, ಒಂದರ ಮ್ಯಾಲ ಒಂದು.

ಸೇಡಂ_ಕಲ್ಲು
ಭಾಸ್ಕರಾಚಾರ್ಯನೂ ನಮ್ಮ ಬಿಜಾಪುರದವ.

ಬೀದರ್_ಬಸ್
ಅದು ಇತ್ಯರ್ಥ ಆಗಿಲ್ಲ. ಅವ ಬರದದ್ದು ಸಹ್ಯಾದ್ರಿ ಹತ್ತಿರದ ವಿಜ್ಜಡವಿಡ ಅಂತ. ಬಿಜಾಪುರ ಅಂತ ಕೆಲವರು ಅಂತಾರ. ಚಾಳೀಸಗಾಂವ್ ಹತ್ರ ಪಾಟಣದಾಗ ಅವನ ಮೊಮ್ಮಗನ ಶಾಸನ ಅದ ಅಂತ ಮಹಾರಾಷ್ಟ್ರದವರು ಬಿಡಂಗಿಲ್ಲ.

ಸೇಡಂ_ಕಲ್ಲು
ಬಿಜಾಪುರಕ್ಕ ಸಹ್ಯಾದ್ರಿ ಎಷ್ಟು ದೂರ ಆತು ಮಹಾ?

ಬೀದರ್_ಬಸ್
ನೀವೇ ನಡಕೊಂಡು ಹೋಗಿ ನೋಡ್ರಿ 🙂

ಆಳಂದ_ಹುಡುಗಿ
ಅಣ್ಣೋರ, ಜಗಳ ಆಮ್ಯಾಲ ಮಾಡ್ರಿ. ಲೆಕ್ಕ ಮಾಡೀನಿ. ಕಡೀಯಿಂದ ಶುರು. 2 ಗುಣಿಸು 10, 20. 8 ಕಳದ್ರ 12. ವರ್ಗ 144. 52 ಕೂಡಿಸಿದ್ರ 196. ವರ್ಗಮೂಲ 14. ಇಲ್ಲೀತನ ಸಲೀಸು. ಮೂರನೇ ಒಂದು ಪಾಲು ಕಳದಿದ್ರಲ್ಲ, ಅದಕ್ಕ 14ರ ಮೂರನೇ ಒಂದು ಕೂಡಿಸಿದೆ, 18.67. 7ರಿಂದ ಗುಣಿಸಿದ್ರ 130.67. ಅದರ ಮುಕ್ಕಾಲು ಕಳದ್ರ 32.67. ಮೂರರಿಂದ ಭಾಗಿಸಿದ್ರ 10.89. ಭಾಸ್ಕರಾಚಾರ್ಯ ಪಾಯಿಂಟ್ ಬರೋ ಉತ್ತರ ಇಟ್ಟಿರ್ತಾನಾ?

ಅಂಗಡಿ_ಕಾಕಾ
ತಡಿ ತಡಿ ತಡಿ. ಇದು ನನ್ನ ಜಿಎಸ್‌ಟಿ! ತಂಗಿ, ನಾ ಮಾಡಿದ ತಪ್ಪೇ ನೀನೂ ಮಾಡಿದಿ. ಮೂರನೇ ಒಂದು ಕಳದಿದ್ದು ದೊಡ್ಡ ಅಂಕಿದು, ನೀ ಕೂಡಿಸಿದ್ದು 14ರದ್ದು. ಮೂರನೇ ಒಂದು ಹೋದ್ರ ಮೂರನೇ ಎರಡು ಉಳೀತದ. ಅಂದ್ರ 2/3ರಿಂದ ಗುಣಿಸಿದಂಗ. ಹೊಳ್ಳಿ ಬರುವಾಗ 3/2 ಗುಣಿಸು. 14ಕ್ಕ 21.

ಆಳಂದ_ಹುಡುಗಿ
ಅಯ್ಯೋ ಕಾಕಾ!! 21 ಗುಣಿಸು 7, 147. ಮುಕ್ಕಾಲು ಕೂಡಿಸಿದ್ದು ಅಂದ್ರ 7/4ರಿಂದ ಗುಣಿಸಿದ್ದು, ಹೊಳ್ಳಿ 4/7. 147ಕ್ಕ 84. ಮೂರರಿಂದ ಭಾಗಿಸಿದ್ರ 28. ಇಪ್ಪತ್ತೆಂಟು!

ನಿವೃತ್ತ_ಮಾಸ್ತರ
ಶಾಭಾಸ್. 28ನೇ ಅವನೂ ಹೇಳಿದ್ದು. ಕಾಕಾ, ನೀವು ಅಂಗಡಿ ಬಿಟ್ಟು ಪಾಠಕ್ಕ ಬರ್ರಿ.

ಅಂಗಡಿ_ಕಾಕಾ
ಸಂಬಳ ಎಷ್ಟು ಕೊಡ್ತೀರಿ, ತೆರಗಿ ಕೂಡ್ಸಿ ಹೇಳ್ರಿ.

ದರ್ಗಾ_ರಸ್ತೆ
ಮಾಸ್ತರ ಸಾಬ್, ಒಂದು ಡೌಟ್. 196ರ ವರ್ಗಮೂಲ −14 ಸಹ ಆಗ್ತದಲ್ಲ? ಆ ದಾರಿ ಹಿಡದು ಹೋದೆ. −21, −147, −84, −28. ಹೊಳ್ಳಿ ಮ್ಯಾಲಿಂದ ಹಾಕಿ ನೋಡಿದೆ: −28 ಗುಣಿಸು 3 ಅಂದ್ರ −84, ಅದರ ಮುಕ್ಕಾಲು ಕೂಡ್ಸಿ −147, ಭಾಗಾಕಾರ −21, ಮೂರನೇ ಒಂದು ಕಳದ್ರ −14, ವರ್ಗ 196, ಆಮ್ಯಾಲ ಎಲ್ಲಾ ಅದೇ, 2. ಹಂಗಾದ್ರ ಉತ್ತರ ಎರಡು ಅವ.

ನಿವೃತ್ತ_ಮಾಸ್ತರ
ಎಷ್ಟು ಬ್ಯಾಚಿಗಿ ಈ ಲೆಕ್ಕ ಕೊಟ್ಟೀನಿ ಲೆಕ್ಕಿಲ್ಲ, −28 ತಂದವ ನೀನೊಬ್ಬನೇ. ಸರಿ ಅದ ತಮ್ಮಾ. ಒಂಬತ್ತು ಮೆಟ್ಟಲಾಗ ಎಂಟಕ್ಕ ತೊಂದ್ರಿ ಇಲ್ಲ, ವರ್ಗ ಮಾಡೋ ಮೆಟ್ಟಲ ಒಂದೇ ಒನ್-ಒನ್ ಅಲ್ಲ. 14ಕ್ಕೂ −14ಕ್ಕೂ ಅದು ಒಂದೇ ಮನಿ ತೋರಸ್ತದ. ಧನ ಸಂಖ್ಯೆಗೆ ಎರಡು ವರ್ಗಮೂಲ ಅವ ಅಂತ ಭಾಸ್ಕರಾಚಾರ್ಯಗೂ ಗೊತ್ತಿತ್ತು, 'ಬೀಜಗಣಿತ'ದಾಗ ಬರದಾನ. ಡೊಮೇನ್ ಧನ ಸಂಖ್ಯೆ ಅಂತ ಇಟ್ಟರ 28 ಒಂದೇ. ಎಲ್ಲಾ ಸಂಖ್ಯೆ ಅಂದ್ರ ಎರಡು.

ಆಳಂದ_ಹುಡುಗಿ
ಡೊಮೇನ್ ಅನ್ನೋದು ಸುಮ್ಮ ಪರೀಕ್ಷಿಗಿ ಬರೆಯೋ ಸಾಲು ಅಂತ ತಿಳದಿದ್ದೆ. ಬಸ್ ಎಲ್ಲಿಂದ ಬಿಡ್ತದ ಅನ್ನೋದು, 28ಓ −28ಓ ಅನ್ನೋದು, ಎರಡೂ ಅದರಾಗೇ ಇತ್ತಲ್ಲ.

ಮತ್ತ, ಈಗಷ್ಟೇ ಅವ್ವಗ ಫೋನ್ ಮಾಡಿದೆ. 104ರಾಗ 32 ಕಳದ್ರ 72, 5/9 ಗುಣಿಸಿದ್ರ 40. "ಅವ್ವಾ, ಅವತ್ತು ತಮ್ಮಗ 40 ಇತ್ತು" ಅಂದೆ. "ಹೋದ ವಾರದ ಜ್ವರ ಈಗ ಅಳದಿ ಏನು" ಅಂದು ಫೋನ್ ಇಟ್ಟಳು.

ಯಾದಗಿರಿ_123
ಪೂರಾ ಓದ್ಲಿಕ್ಕಿ ಟೈಮ್ ಇಲ್ಲ. ಸಾಕ್ಸ್ ಶೂ ಉದಾಹರಣಿ ಯಾರರ ಹೇಳ್ಯಾರೇನು?

ಶಹಾಪುರ_ಅಕ್ಕ
ಬಂದ್ನೋಡು ಇನ್ನೊಬ್ಬ.